ಮಣ್ಣಿನ ಗೋಡೆಯ ತಂಪು

ಮಣ್ಣಿನ ಮನೆಯೆಂದರೆ ಮೂಗು ಮುರಿಯುವವರು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ವಿವರಿಸಿದ ಒಂದು ಪ್ರಯೋಗವನ್ನು ಗಮನಿಸಬೇಕು. 1964ರಲ್ಲಿ ಕೈರೋದಲ್ಲಿ ಮಾದರಿ ಕೋಣೆಗಳನ್ನು ಕಟ್ಟಿ ಉಷ್ಣತೆ ಅಳೆಯಲಾಯಿತು. 50 ಸೆಂಟಿಮೀಟರ್ ದಪ್ಪದ, ಸುಡದ ಇಟ್ಟಿಗೆಯ ಕೋಣೆಯೊಳಗೆ ಇಡೀ ದಿನದಲ್ಲಿ ಆದ ಏರಿಳಿತ ಸುಮಾರು 2 ಡಿಗ್ರಿ. 10 ಸೆಂಟಿಮೀಟರ್ ಕಾಂಕ್ರೀಟ್ ಹಲಗೆಗಳ ಕೋಣೆಯೋ, 36 ಡಿಗ್ರಿಗೆ ಕಾದು ಹೊರಗಿನ ಗಾಳಿಯನ್ನೂ ಮೀರಿಸಿತು! ದಪ್ಪ ಮಣ್ಣು ಹಗಲಿನ ಶಾಖವನ್ನು ನಿಧಾನವಾಗಿ ಹೀರಿ ರಾತ್ರಿ ಬಿಟ್ಟುಕೊಡುತ್ತದೆ. ಹಗಲು ಸುಟ್ಟು ರಾತ್ರಿ ತಣಿಯುವ ಒಣ ನಾಡಿಗೆ ಇದು ಹೇಳಿ ಮಾಡಿಸಿದ ಗೋಡೆ.

ಆದರೂ 1940ರ ದಶಕದಲ್ಲಿ ಲುಕ್ಸರ್ ಬಳಿ ಫತ್ಹಿ ಇದೇ ಮಣ್ಣಿನಲ್ಲಿ ಕಟ್ಟಿದ ಹೊಸ ಗುರ್ನಾಕ್ಕೆ ಹಳೆಯ ಗುರ್ನಾದ ಹೆಚ್ಚಿನವರು ಬರಲೊಪ್ಪಲಿಲ್ಲ. ಪ್ರಾಚೀನ ಗೋರಿಗಳ ಮೇಲೆ ನೆಲೆಸಿದ್ದ ಅವರನ್ನು ಸರಕಾರ ಎಬ್ಬಿಸಲು ಹೊರಟಿತ್ತು. ಆ ಗೋರಿಗಳೇ ಅವರ ಅನ್ನ. ಸಾಲದ್ದಕ್ಕೆ, ತಂಪು ಕೊಡುವ ಆ ಗುಮ್ಮಟಗಳು ಅವರಿಗೆ ಸಮಾಧಿಯನ್ನು ನೆನಪಿಸುತ್ತಿದ್ದವಂತೆ.