ಎಂಜಿನ್ನಿನ ಅಶ್ವಶಕ್ತಿ ಮತ್ತು ಟಾರ್ಕ್

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುವ ಬಲದ ಅಳತೆ ಟಾರ್ಕ್. ಆ ತಿರುಗುಬಲ ಕೆಲಸ ಮಾಡುವ ದರ ಅಶ್ವಶಕ್ತಿ. ಟಾರ್ಕಿನ ಮಾನ ನ್ಯೂಟನ್-ಮೀಟರ್. ಅಶ್ವಶಕ್ತಿಯ ಮಾನವನ್ನು ಬಳಕೆಗೆ ತಂದವನು ಜೇಮ್ಸ್ ವಾಟ್. ಇಂದಿನ ಮೆಟ್ರಿಕ್ ಅಶ್ವಶಕ್ತಿ 735.5 ವಾಟ್‌ಗೆ ಸಮ. ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9,549ರಿಂದ ಭಾಗಿಸಿದರೆ ಶಕ್ತಿ ಕಿಲೋವಾಟ್‌ನಲ್ಲಿ ದೊರೆಯುತ್ತದೆ.

ಎಂಜಿನ್ನಿನ ಗಾತ್ರ ಹೇಳುವ ಸಿಸಿಯಿಂದ (ಘನ ಸೆಂಟಿಮೀಟರ್) ಇವೆರಡೂ ತಿಳಿಯುವುದಿಲ್ಲ. ಸಿಸಿ ಸೂಚಿಸುವುದು ಪಿಸ್ಟನ್‌ಗಳು ಚಲಿಸುವ ಒಟ್ಟು ಘನಗಾತ್ರವನ್ನಷ್ಟೇ. ಪ್ರತಿ ಆವರ್ತದಲ್ಲಿ ಒಳಸೇರುವ ಗಾಳಿ, ಸಂಪೀಡನ ಅನುಪಾತ, ಕವಾಟಗಳ ಸಮಯ, ಎಂಜಿನ್ ತಾಳಬಲ್ಲ ಗರಿಷ್ಠ ತಿರುಗುವೇಗ ಇವು ಒಂದೇ ಗಾತ್ರದ ಎಂಜಿನ್‌ಗಳಲ್ಲಿಯೂ ಬೇರೆಬೇರೆ. 1999ರ ಹೋಂಡಾ ಎಸ್2000 ಕಾರಿನ 1,997 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಇಲ್ಲ. ಅದರ ಸಿಲಿಂಡರಿನ ವ್ಯಾಸ 87 ಮಿ.ಮೀ., ಪಿಸ್ಟನ್ನಿನ ಓಟ 84 ಮಿ.ಮೀ.; ಹೆಚ್ಚಿನ ವೇಗದಲ್ಲಿ ಕವಾಟಗಳನ್ನು ಇನ್ನಷ್ಟು ಎತ್ತರಕ್ಕೆ, ಇನ್ನಷ್ಟು ಹೊತ್ತು ತೆರೆದಿಡುವ ವಿಟೆಕ್ ವ್ಯವಸ್ಥೆಯೂ ಉಂಟು. ಜಪಾನಿನ ಆವೃತ್ತಿ ನಿಮಿಷಕ್ಕೆ 8,300 ಸುತ್ತುಗಳಲ್ಲಿ 250 ಅಶ್ವಶಕ್ತಿ ನೀಡಿದರೂ ಗರಿಷ್ಠ ಟಾರ್ಕ್ 218 ನ್ಯೂಟನ್-ಮೀಟರ್ ಮಾತ್ರ, ಅದೂ 7,500 ಸುತ್ತುಗಳಲ್ಲಿ. ಫೋಕ್ಸ್‌ವ್ಯಾಗನ್ನಿನ 1,968 ಸಿಸಿ ಟರ್ಬೊ ಡೀಸೆಲ್ ಎಂಜಿನ್ನಿನ 140 ಅಶ್ವಶಕ್ತಿಯ ಆವೃತ್ತಿ 1,750 ಸುತ್ತುಗಳಲ್ಲೇ 320 ನ್ಯೂಟನ್-ಮೀಟರ್ ಕೊಡುತ್ತದೆ. ಇಲ್ಲಿ ಓಟ 95.5 ಮಿ.ಮೀ., ವ್ಯಾಸ 81 ಮಿ.ಮೀ. ಆದರೆ ಟಾರ್ಕ್ ಹೆಚ್ಚಲು ಮುಖ್ಯ ಕಾರಣ, ಸಾಮಾನ್ಯವಾಗಿ ಹೇಳುವಂತೆ ಉದ್ದನೆಯ ಓಟವಲ್ಲ, ಟರ್ಬೊ ಒತ್ತಿ ತುಂಬುವ ಗಾಳಿ.

ಎಂಜಿನ್ನಿನ ತಗ್ಗಿನ ವೇಗದ ಟಾರ್ಕ್ ಏರುದಾರಿಗೂ ಹೊರೆ ಎಳೆಯುವುದಕ್ಕೂ ಅನುಕೂಲ. ಕಾರಿನ ಗರಿಷ್ಠ ವೇಗವನ್ನು ನಿರ್ಧರಿಸುವುದು ಬಹುಪಾಲು ಅಶ್ವಶಕ್ತಿ. ಹೀಗಿದ್ದರೂ ಭಾರತದಲ್ಲಿ ಉದ್ದ 4 ಮೀಟರ್ ಮೀರದ ಕಾರುಗಳ ತೆರಿಗೆ ವಿಂಗಡಣೆಗೆ ಆಧಾರ ಸಿಸಿ (ಪೆಟ್ರೋಲ್ 1,200, ಡೀಸೆಲ್ 1,500), ಅಶ್ವಶಕ್ತಿಯಲ್ಲ.