ಒಂದು ಪ್ರೋಸೆಸ್ಸು, ಎರಡು ನಂಬರು

ನಮ್ಮ ಕಡೆ ಹೊಲ ಕೈ ಬದಲಾದರೆ ಉತಾರದಲ್ಲಿ ಹೆಸರು ಬದಲಾಗುತ್ತದೆ. ಸರ್ವೆ ನಂಬರು ಹಾಗೇ ಉಳಿಯುತ್ತದೆ. ಚಿಕ್ಕೋಡಿಯಲ್ಲಿ ಯುನಿಕ್ಸ್ ಕಲಿಸುವಾಗ ಪಿಐಡಿ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ (ಪ್ರೋಸೆಸ್ಸಿಗೆ) ಸಿಗುವ ನಂಬರು, ಏನೆಂದು ನಾನು ಹೀಗೇ ಹೇಳಿಕೊಟ್ಟೆ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಟ್ಟಿದ ಯುನಿಕ್ಸ್‌ನಲ್ಲಿ ‘ಫೋರ್ಕ್’ ಕರೆದರೆ ಪ್ರೋಸೆಸ್ಸಿನ ನಕಲು ಹುಟ್ಟಿ ಹೊಸ ನಂಬರು ಪಡೆಯುತ್ತದೆ. ‘ಎಕ್ಸೆಕ್’ ಕರೆದರೆ ಒಳಗಿನ ಪ್ರೋಗ್ರಾಂ ಪೂರ್ತಿ ಬದಲಾಗುತ್ತದೆ, ನಂಬರು ಬದಲಾಗುವುದಿಲ್ಲ. ನಾವು ಕೊಟ್ಟ ಆಜ್ಞೆ ನಡೆಸುವ ಶೆಲ್ಲು ತಾನು ಹುಟ್ಟಿಸಿದ ಮಕ್ಕಳಿಗಾಗಿ ಕಾಯುವುದೂ, ಬೇಕೆಂದಾಗ ನಿಲ್ಲಿಸುವುದೂ ಆ ನಂಬರನ್ನು ನಂಬಿಕೊಂಡೇ.

ವಿಟಿಯು ವಿಶ್ವವಿದ್ಯಾಲಯದ 2010ರ ಪಠ್ಯಕ್ರಮದಲ್ಲಿ ಆರನೇ ಸೆಮಿಸ್ಟರಿಗೆ ಯುನಿಕ್ಸ್ ಸಿಸ್ಟಮ್ ಪ್ರೋಗ್ರಾಮಿಂಗ್ ಇತ್ತು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಬಸ್ಸಿಗೆ ಬರುತ್ತಿದ್ದ ಹುಡುಗರ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರಲ್ಲಿ ಇರುತ್ತಿದ್ದುದು ವಿಂಡೋಸು. ಅವರಿಗೆ ವಿಂಡೋಸ್ ಮೇಲೆ ಯುನಿಕ್ಸಿನ ವಾತಾವರಣ ಕೊಡುವ ಸಿಗ್ವಿನ್ ಹಾಕಿಕೊಡುತ್ತಿದ್ದೆ. ಕಾಗವಾಡದ ಹುಡುಗಿಯೊಬ್ಬಳು ಪ್ರೋಸೆಸ್ಸುಗಳ ಪಟ್ಟಿ ತೋರಿಸುವ ‘ಪಿಎಸ್’ ಆಜ್ಞೆ ಕೊಟ್ಟು ನೋಡಿ ಕೇಳಿದಳು: “ಸರ, ಪಿಐಡಿ ಒಂದು, ವಿನ್‌ಪಿಐಡಿ ಒಂದು ಅದಾವಲ್ರೀ. ಕೆಲವು ಸಾಲಿನ್ಯಾಗ ಎರಡೂ ಒಂದ ಅದಾವು, ಕೆಲವುದರಾಗ ಬ್ಯಾರೆ ಬ್ಯಾರೆ. ಯಾಕ್ರೀ?”

ಅದಕ್ಕೆ ಉತ್ತರ ಹೇಳಬೇಕಾದರೆ 1995ಕ್ಕೆ ಹೋಗಬೇಕು. ಅಮೆರಿಕದ ಸಿಗ್ನಸ್ ಕಂಪನಿಯಲ್ಲಿದ್ದ ಸ್ಟೀವ್ ಚೇಂಬರ್ಲೇನ್ ವಿಂಡೋಸ್ ಮೇಲೆ ಯುನಿಕ್ಸ್ ಪ್ರೋಗ್ರಾಂಗಳು ನಡೆಯುವಂತೆ ಒಂದು ಲೈಬ್ರರಿ ಬರೆಯಲು ಹೊರಟರು. ಅದೇ ಸಿಗ್ವಿನ್. ವಿಂಡೋಸಿನಲ್ಲಿ ಎಕ್ಸೆಕ್ ಇಲ್ಲ. ಹೊಸ ಪ್ರೋಗ್ರಾಂ ಎಂದರೆ ಹೊಸ ಪ್ರೋಸೆಸ್ಸು, ಹೊಸ ನಂಬರು. ಆದ್ದರಿಂದ ಸಿಗ್ವಿನ್ ತನ್ನದೇ ಲೆಕ್ಕ ಇಡಬೇಕಾಯಿತು. ಮೊದಲ ಪ್ರೋಸೆಸ್ಸಿಗೆ ವಿಂಡೋಸ್ ಕೊಟ್ಟ ನಂಬರನ್ನೇ ಪಿಐಡಿ ಎಂದು ಹಿಡಿದುಕೊಂಡು, ಎಕ್ಸೆಕ್ ಆದಾಗ ಹಿಂದೆ ಬೇರೆ ವಿಂಡೋಸ್ ಪ್ರೋಸೆಸ್ಸು ಎಬ್ಬಿಸಿ, ಮುಂದೆ ಹಳೆಯ ನಂಬರನ್ನೇ ತೋರಿಸುತ್ತಿತ್ತು. ಹಿಂದಿನ ಆ ವಿಂಡೋಸ್ ನಂಬರೇ ವಿನ್‌ಪಿಐಡಿ. ಎಷ್ಟು ಸಲ ಎಕ್ಸೆಕ್ ಆಯಿತೋ ಅಷ್ಟು ವಿಂಡೋಸ್ ನಂಬರುಗಳು ಒಂದೇ ಪಿಐಡಿಯ ಬೆನ್ನಿಗೆ. ಕೆಲವೊಮ್ಮೆ ಮುಗಿದುಹೋದ ಪ್ರೋಸೆಸ್ಸಿನ ಮೋಟು ಉಳಿದು, ಹೊಸದು ಮುಗಿಯುವವರೆಗೂ ಕಾಯುತ್ತಿತ್ತು.

ಸಿಗ್ನಸ್ ಕಂಪನಿಯವರು ವಿಂಡೋಸಿಗೆ ಕಂಪೈಲರು ಸಾಗಿಸಿದ್ದೇ ದೊಡ್ಡ ಸಾಧನೆ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಈ ಲೆಕ್ಕ ಇಟ್ಟದ್ದೇ ಅದಕ್ಕಿಂತ ಹಿರಿದು. ಇದಿಲ್ಲದೆ ಬ್ಯಾಶ್ ಶೆಲ್ಲಾಗಲಿ, ಪ್ರೋಗ್ರಾಂ ಕಟ್ಟುವ ಮೇಕ್ ಆಗಲಿ ತನ್ನ ಮಗು ಯಾವುದೆಂದು ಗುರುತಿಸುತ್ತಲೇ ಇರಲಿಲ್ಲ.

ಆದರೆ ಸಿಗ್ವಿನ್ ತೋರಿಸುತ್ತಿದ್ದ ಪಿಐಡಿ ವಿಂಡೋಸಿನಿಂದ ಎರವಲು ತಂದದ್ದು. ವಿಂಡೋಸ್ ಬಳಸಿದ ನಂಬರನ್ನು ಮತ್ತೆ ಬೇರೆಯವರಿಗೆ ಕೊಡುತ್ತದೆ. ಕೊಡದಂತೆ ತಡೆಯಲು ಸತ್ತ ಪ್ರೋಸೆಸ್ಸಿನ ಹ್ಯಾಂಡಲನ್ನು ಯಾರಾದರೂ ಹಿಡಿದುಕೊಂಡೇ ಇರಬೇಕು. 2019ರ ಫೆಬ್ರುವರಿಯಲ್ಲಿ ಬಂದ ಸಿಗ್ವಿನ್ 3.0 ಈ ಸಾಲ ತೀರಿಸಿತು. ಅಲ್ಲಿಂದ ಪಿಐಡಿ ವಿಂಡೋಸಿನಿಂದ ಪೂರ್ತಿ ಬೇರೆಯಾಗಿ, 2ರಿಂದ 65535ರವರೆಗೆ ಯುನಿಕ್ಸ್‌ನ ಹಾಗೆ ಸರತಿಯಲ್ಲಿ ಏರುತ್ತದೆ. ಅದಕ್ಕೂ ಮುಂಚೆ ಪಟ್ಟಿಯ ನಂಬರುಗಳೆಲ್ಲ ನಾಲ್ಕರಿಂದ ಭಾಗವಾಗುತ್ತಿದ್ದವು. ವಿಂಡೋಸ್ ಎನ್‌ಟಿ ವಂಶದ ಗುರುತು ಅದು.

ಈಗಿನ ಹುಡುಗರು ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳುತ್ತಾರೆ. ಅದರ ಎರಡನೇ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ ಓಡುವುದರಿಂದ ಈ ತೊಡಕಿಲ್ಲ. ಆದರೂ ಎಕ್ಸೆಕ್ ಪಾಠದ ದಿನ ನಾನು ಸಿಗ್ವಿನ್ನನ್ನೇ ತೆರೆಸುತ್ತೇನೆ. ಎಕ್ಸೆಕ್‌ಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ, ಪಿಐಡಿಯನ್ನೂ ವಿನ್‌ಪಿಐಡಿಯನ್ನೂ ನೋಟುಬುಕ್ಕಿನಲ್ಲಿ ಅಕ್ಕಪಕ್ಕ ಬರೆಸುತ್ತೇನೆ.