ಮುದ್ರೆ ದಿಟ, ಕೈ ಬೇರೆ

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯನ್ನು ರಚಿಸಿದನು. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ಕಥೆಯೇ ಅದರ ಆಧಾರ. ಆ ನಾಟಕದಲ್ಲಿ ನಂದರ ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಗೂಢಚಾರನಿಗೆ ಸಿಗುತ್ತದೆ. ಚಾಣಕ್ಯನು ರಾಕ್ಷಸನ ಆಪ್ತನ ಕೈಯಿಂದಲೇ, ಅವನಿಗೆ ಮರ್ಮ ತಿಳಿಯದಂತೆ, ಒಂದು ಪತ್ರವನ್ನು ಬರೆಯಿಸಿ ಅದೇ ಉಂಗುರದಿಂದ ಮುದ್ರೆಯೊತ್ತಿಸುತ್ತಾನೆ. ಆ ಪತ್ರವು ಮಲಯಕೇತುವಿನ ಮುಂದೆ ಬಂದಾಗ ಅವನು ಕುರುಡಾಗಿ ನಂಬುವುದಿಲ್ಲ; ಮುದ್ರೆಯನ್ನು ನೋಡುತ್ತಾನೆ, ಅಕ್ಷರಗಳನ್ನು ಇನ್ನೊಂದು ಪತ್ರದೊಡನೆ ಹೋಲಿಸುತ್ತಾನೆ. ಮುದ್ರೆಯೂ ದಿಟ, ಬರಹವೂ ದಿಟ. ಪತ್ರ ಮಾತ್ರ ಸುಳ್ಳು. ಆ ಸುಳ್ಳನ್ನು ನಂಬಿ ಅವನು ತನ್ನ ಅತ್ಯಂತ ನಿಷ್ಠಾವಂತ ಮಿತ್ರನನ್ನೇ ದೂರ ಮಾಡಿಕೊಳ್ಳುತ್ತಾನೆ.

ಪಾಸ್‌ವರ್ಡಿನ ಇತಿಹಾಸವನ್ನು ಓದುವಾಗ ನಮಗೆ ಮತ್ತೆ ಮತ್ತೆ ಈ ಪ್ರಸಂಗ ನೆನಪಾಗುತ್ತದೆ. ಒಳಗೆ ಬರುವವನು ಯಾರೆಂದು ಗುರುತಿಸುವ ಕಾರ್ಯದಲ್ಲಿ ಗುರುತನ್ನು ಪರೀಕ್ಷಿಸುವುದು ಸುಲಭ, ಗುರುತನ್ನು ಹಿಡಿದಿರುವ ಕೈಯನ್ನು ಪರೀಕ್ಷಿಸುವುದು ಕಷ್ಟ. ಈ ಕಷ್ಟದ ಹೊರೆ ಯಾರ ಹೆಗಲಿಗೆ ಸೇರಬೇಕೆಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಮೊದಮೊದಲು ವಿಚಾರಿಸಿ ತೀರ್ಪು ಕೊಟ್ಟ ಊರು, ಹೊರನಾಡ ಕನ್ನಡಿಗರಾದ ನಮ್ಮಲ್ಲಿ ಅನೇಕರು ವಾಸಿಸುವ ಚೆನ್ನೈ.

ಗಣಕಯಂತ್ರಕ್ಕೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಕಟ್ಟಿದರು. ಒಬ್ಬರ ಕಡತ ಮತ್ತೊಬ್ಬರಿಗೆ ಕಾಣದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದವನ್ನು ಕೊಟ್ಟರು. ಅದು ಬಹುಕಾಲ ಗುಪ್ತವಾಗಿ ಉಳಿಯಲಿಲ್ಲ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಗೊತ್ತುಮಾಡಿದ್ದ ಯಂತ್ರದ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡನು. ಪ್ರತಿ ಬಾಗಿಲಿಗೂ ಬೀಗವಿತ್ತು. ಬೀಗದ ಕೈಗಳೆಲ್ಲ ಒಂದೇ ಗೂಟಕ್ಕೆ ತೂಗುಹಾಕಿದ್ದವು.

ಈ ದೋಷಕ್ಕೆ ಶಾಸ್ತ್ರೀಯವಾದ ಪರೀಕ್ಷೆಯನ್ನೊಡ್ಡಿದವರು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. ಬೆಲ್ ಪ್ರಯೋಗಾಲಯದ ಈ ಇಬ್ಬರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಳಕೆದಾರರು ತಾವಾಗಿಯೇ ಆರಿಸಿಕೊಂಡಿದ್ದ 3,289 ಪಾಸ್‌ವರ್ಡುಗಳನ್ನು ಕಳ್ಳನ ಸ್ಥಾನದಲ್ಲಿ ನಿಂತು ಪರಿಶೀಲಿಸಿದರು. ಅವುಗಳಲ್ಲಿ 2,831, ಅಂದರೆ ಶೇಕಡ 86ರಷ್ಟು, ತೀರ ಚಿಕ್ಕವು ಅಥವಾ ನಿಘಂಟು, ಹೆಸರುಗಳ ಪಟ್ಟಿ ಮೊದಲಾದವುಗಳಲ್ಲಿ ಸಿಗುವಂಥವು. ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡದೆ, ಹಿಂದಿರುಗಿಸಲಾಗದ ಲೆಕ್ಕಾಚಾರದಿಂದ ಬೇರೊಂದು ರೂಪಕ್ಕೆ ತಿರುಗಿಸಿ ಇಡಬೇಕು, ಹಾಗೆ ತಿರುಗಿಸುವಾಗ ಒಬ್ಬೊಬ್ಬರಿಗೂ ಬೇರೆ ಬೇರೆಯಾದ ಒಂದು ಚಿಟಿಕೆ ‘ಉಪ್ಪ’ನ್ನು ಬೆರೆಸಬೇಕು ಎಂಬ ಕ್ರಮವನ್ನು ಅವರು ವಿವರಿಸಿದರು. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಕಡತದಲ್ಲಿ ಅವು ಒಂದೇ ಆಗಿ ಕಾಣದಿರಲೆಂದು ಈ ಉಪ್ಪು. ಇಂದಿಗೂ ಪಾಸ್‌ವರ್ಡನ್ನು ಕಾಪಿಡುವ ಮೂಲತತ್ತ್ವ ಇದೇ.

ಮುಂದೆ ಅಂತರ್ಜಾಲದ ಯುಗ ಬಂದಾಗ ಇಂತಹ ಪರೀಕ್ಷೆಯೇ ಒಂದು ವೃತ್ತಿಯಾಯಿತು. ಚೆನ್ನೈನ ತರಮಣಿಯಲ್ಲಿ ಟೈಡಲ್ ಪಾರ್ಕ್ ತೆರೆದದ್ದು 2000ದಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಹಳೆಯ ಮಹಾಬಲಿಪುರಂ ರಸ್ತೆಯುದ್ದಕ್ಕೂ ತಂತ್ರಾಂಶದ ಕಚೇರಿಗಳು ಸಾಲುಗಟ್ಟಿದವು. ಅಂತಹ ಕಚೇರಿಗಳಲ್ಲಿ ಲಾಗಿನ್ ಪುಟವನ್ನು ಪರೀಕ್ಷಿಸುವವರ ದಿನಚರಿ ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಬಾಗಿಲು ತೆರೆಯುವುದೆಂಬುದನ್ನು ನೋಡುವುದಕ್ಕೆ ಒಂದು ಗಳಿಗೆ ಸಾಕು. ಉಳಿದ ಹೊತ್ತೆಲ್ಲ ತಪ್ಪು ಮಾಡುವುದಕ್ಕೇ ಮೀಸಲು. ಹತ್ತು ಸಲ ತಪ್ಪಾಗಿ ಒತ್ತಿದರೆ ತಡೆಯುವುದೇ? ಹೆಸರು ತಪ್ಪಾದಾಗ ಒಂದು ಮಾತು, ಪಾಸ್‌ವರ್ಡ್ ತಪ್ಪಾದಾಗ ಇನ್ನೊಂದು ಮಾತು ಹೇಳಿ, ಆ ಹೆಸರಿನ ಖಾತೆಯಿದೆಯೆಂಬ ಗುಟ್ಟನ್ನು ಬಿಟ್ಟುಕೊಡುವುದೇ? ಮರೆತವರಿಗೆ ಕಳಿಸುವ ಕೊಂಡಿಯನ್ನು ಎರಡನೆಯ ಸಲವೂ ಬಳಸಬಹುದೇ? ಪಾಸ್‌ವರ್ಡ್ ಬದಲಿಸಿದ ಮೇಲೂ ಬೇರೆ ಯಂತ್ರದಲ್ಲಿ ಹಳೆಯ ಪ್ರವೇಶ ತೆರೆದೇ ಇರುವುದೇ? ಒಂದೊಂದು ಪ್ರಶ್ನೆಯ ಹಿಂದೆಯೂ ಯಾರೋ ಒಬ್ಬರ ನಷ್ಟದ ಕಥೆಯಿರುತ್ತದೆ.

ಟೈಡಲ್ ಪಾರ್ಕ್ ತೆರೆದ ವರ್ಷವೇ, 2000ದ ಅಕ್ಟೋಬರ್ 17ರಂದು, ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿತು. ಆ ಕಾಯ್ದೆ ವಿದ್ಯುನ್ಮಾನ ದಾಖಲೆಗಳನ್ನು ದೃಢೀಕರಿಸುವ ವಿಧಾನವಾಗಿ ಒಪ್ಪಿದ್ದು ಡಿಜಿಟಲ್ ಸಹಿಯನ್ನು, ಪಾಸ್‌ವರ್ಡನ್ನಲ್ಲ. ಆದುದರಿಂದಲೇ ರಿಸರ್ವ್ ಬ್ಯಾಂಕು 2001ರ ಜೂನ್‌ನಲ್ಲಿ ಅಂತರ್ಜಾಲ ಬ್ಯಾಂಕಿಂಗ್ ಕುರಿತು ಹೊರಡಿಸಿದ ಸೂಚನೆಯಲ್ಲಿ, ಗ್ರಾಹಕರನ್ನು ಗುರುತಿಸಲು ಬೇರೆ ಯಾವ ವಿಧಾನವನ್ನು ಬಳಸಿದರೂ ಅದನ್ನು ಕಾನೂನಿನ ದೃಷ್ಟಿಯಿಂದ ಅಪಾಯದ ಮೂಲವೆಂದೇ ಬ್ಯಾಂಕುಗಳು ತಿಳಿಯತಕ್ಕದ್ದೆಂದು ಎಚ್ಚರಿಸಿತ್ತು. ಹಾಗಿದ್ದರೂ ಎಲ್ಲೆಡೆ ಬಳಕೆಗೆ ಬಂದದ್ದು ಅಗ್ಗವೂ ಸುಲಭವೂ ಆದ ಪಾಸ್‌ವರ್ಡೇ.

ಈ ಎಚ್ಚರಿಕೆಯ ಅರ್ಥ ಸ್ಪಷ್ಟವಾದದ್ದು 2007ರ ಸೆಪ್ಟೆಂಬರಿನಲ್ಲಿ ನಡೆದ ಒಂದು ಘಟನೆಯಿಂದ. ಅಬುಧಾಬಿಯಲ್ಲಿ ದುಡಿಯುತ್ತಿದ್ದ, ಐಸಿಐಸಿಐ ಬ್ಯಾಂಕಿನಲ್ಲಿ ಖಾತೆಯಿದ್ದ ಅನಿವಾಸಿಯೊಬ್ಬರಿಗೆ, ಬ್ಯಾಂಕಿನದೆಂದೇ ತೋರುವ ಇ-ಮೇಲ್ ಬಂದಿತು. ವಿವರಗಳನ್ನು ಕೊಡದಿದ್ದರೆ ಖಾತೆಯೇ ಇಲ್ಲವಾಗುವುದೆಂದು ಅದರ ಬೆದರಿಕೆ. ಅವರು ಉತ್ತರಿಸಿದರು. 6.46 ಲಕ್ಷ ರೂಪಾಯಿ ಅವರ ಖಾತೆಯಿಂದ ಒಂದು ಕಂಪನಿಯ ಖಾತೆಗೆ ಹರಿದು, ಅದರ ಬಹುಪಾಲನ್ನು ಮುಂಬಯಿಯ ಶಾಖೆಯೊಂದರಲ್ಲಿ ತೆಗೆದುಕೊಳ್ಳಲಾಯಿತು.

2008ರ ಜೂನ್‌ನಲ್ಲಿ ಅವರು ಚೆನ್ನೈನಲ್ಲಿ ದೂರು ಸಲ್ಲಿಸಿದರು. ಕಾಯ್ದೆಯ ಪ್ರಕಾರ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯೇ ಇಂತಹ ವ್ಯಾಜ್ಯಗಳ ನಿರ್ಣಯಾಧಿಕಾರಿ. ‘ನಾವಿ’ ಎಂಬ ಹೆಸರಿನಿಂದ ಸೈಬರ್ ಕಾನೂನಿನ ಕುರಿತು ಬರೆಯುವ ನಾ. ವಿಜಯಶಂಕರ್ ದೂರುದಾರರ ಪರವಾಗಿ ನಿಂತರು. ಬ್ಯಾಂಕಿನ ನಿಲುವು ಸರಳವಾಗಿತ್ತು: ಎಚ್ಚರಿಕೆ ಕೊಟ್ಟಿದ್ದೆವು, ಗ್ರಾಹಕರು ತಾವೇ ಗುಟ್ಟನ್ನು ಬಿಟ್ಟುಕೊಟ್ಟರು. 2010ರ ಏಪ್ರಿಲ್‌ನಲ್ಲಿ ನಿರ್ಣಯಾಧಿಕಾರಿ ಪಿ.ಡಬ್ಲ್ಯೂ.ಸಿ. ದಾವಿದಾರ್ ಅವರು ಆ ನಿಲುವನ್ನು ಒಪ್ಪಲಿಲ್ಲ. ಅನಧಿಕೃತ ಪ್ರವೇಶವನ್ನು ತಡೆಯಲು ತಕ್ಕ ಎಚ್ಚರ ವಹಿಸಿದ್ದನ್ನು ಬ್ಯಾಂಕು ತೋರಿಸಿಕೊಡಲಿಲ್ಲವೆಂದು ಹೇಳಿ, ನಷ್ಟ, ಬಡ್ಡಿ, ವೆಚ್ಚಗಳೆಲ್ಲ ಸೇರಿ 12.85 ಲಕ್ಷ ರೂಪಾಯಿಯನ್ನು 60 ದಿನಗಳೊಳಗೆ ಕೊಡಬೇಕೆಂದು ಆದೇಶಿಸಿದರು. ಮೇಲ್ಮನವಿ ಸಲ್ಲಿಸುವುದಾಗಿ ಬ್ಯಾಂಕು ತಿಳಿಸಿತು. ಅಂತಹ ಮನವಿಗಳನ್ನು ಕೇಳಬೇಕಾದ ಸೈಬರ್ ಮೇಲ್ಮನವಿ ನ್ಯಾಯಾಧಿಕರಣದ ಅಧ್ಯಕ್ಷಸ್ಥಾನವು 2011ರಲ್ಲಿ ತೆರವಾಗಿ ವರ್ಷಗಟ್ಟಲೆ ಹಾಗೆಯೇ ಉಳಿದು, ಕಡೆಗೆ 2017ರಲ್ಲಿ ಅದರ ಕಾರ್ಯವನ್ನು ದೂರಸಂಪರ್ಕ ವ್ಯಾಜ್ಯಗಳ ನ್ಯಾಯಾಧಿಕರಣಕ್ಕೆ ಒಪ್ಪಿಸಲಾಯಿತೆಂಬುದೂ ಈ ಇತಿಹಾಸದ ಒಂದು ಅಧ್ಯಾಯವೇ.

ಈ ಪ್ರಕರಣವನ್ನು ಪರೀಕ್ಷಕರ ಕಣ್ಣಿನಿಂದ ನೋಡೋಣ. ಲಾಗಿನ್ ಪುಟದಲ್ಲಿ ದೋಷವಿರಲಿಲ್ಲ. ಕೊಟ್ಟ ಹೆಸರು ಸರಿ, ಕೊಟ್ಟ ಪಾಸ್‌ವರ್ಡೂ ಸರಿ. ಮೇಲೆ ಹೇಳಿದ ಪರೀಕ್ಷೆಗಳೆಲ್ಲವನ್ನೂ ಅಂತಹ ಪುಟ ಗೆಲ್ಲಬಹುದು. ಸೋಲು ಇದ್ದದ್ದು ಎರಡು ಕಡೆ. ಗ್ರಾಹಕನು ತಾನಾರೆಂದು ಬ್ಯಾಂಕಿಗೆ ರುಜುವಾತು ಮಾಡಬೇಕಿತ್ತು. ಬ್ಯಾಂಕಿನ ಹೆಸರಿನಲ್ಲಿ ಬಂದ ಪತ್ರ ಬ್ಯಾಂಕಿನದೇ ಎಂದು ತಿಳಿಯುವ ನಂಬಲರ್ಹ ಉಪಾಯ ಗ್ರಾಹಕನ ಬಳಿ ಇರಲಿಲ್ಲ. ಎರಡನೆಯದಾಗಿ, ಸರಿಯಾದ ಪಾಸ್‌ವರ್ಡ್ ಬಂದೊಡನೆ ಪರೀಕ್ಷೆ ಮುಗಿಯಿತೆಂದು ವ್ಯವಸ್ಥೆ ತಿಳಿದಿತ್ತು. ಇಷ್ಟು ದೊಡ್ಡ ಮೊತ್ತ ಹೊಸ ಖಾತೆಗೆ ಏಕೆ ಹೋಗುತ್ತಿದೆಯೆಂದು ಕೇಳುವ ಕೆಲಸ ನಿಜವಾಗಿ ಆರಂಭವಾಗಬೇಕಾದದ್ದು ಆ ಗಳಿಗೆಯಲ್ಲಿ. ಮಲಯಕೇತುವಿನ ತಪ್ಪೂ ಇದೇ: ಮುದ್ರೆ ದಿಟವೆಂದು ಕಂಡೊಡನೆ ಅವನು ಪ್ರಶ್ನಿಸುವುದನ್ನು ನಿಲ್ಲಿಸಿದನು.

ವ್ಯವಸ್ಥೆಗಳು ಮೆಲ್ಲಗೆ ಈ ಪಾಠವನ್ನು ಕಲಿತವು. ರಿಸರ್ವ್ ಬ್ಯಾಂಕಿನ ಆದೇಶದಂತೆ 2009ರ ಆಗಸ್ಟ್ 1ರಿಂದ ಅಂತರ್ಜಾಲದಲ್ಲಿ ಕಾರ್ಡ್ ಬಳಸುವಾಗ, ಕಾರ್ಡಿನ ಮೇಲೆ ಅಚ್ಚಾಗಿರದ ಇನ್ನೊಂದು ಗುರುತು ಕಡ್ಡಾಯವಾಯಿತು; ಇಂದು ಮನೆಮನೆಯ ಮಾತಾಗಿರುವ ಒಟಿಪಿ ಹಬ್ಬಿದ್ದು ಇದೇ ಹಾದಿಯಲ್ಲಿ. 2017ರ ಜುಲೈ 6ರಂದು ಅದೇ ಬ್ಯಾಂಕು ನಷ್ಟದ ಹೊಣೆಯನ್ನು ಹಂಚಿತು. ಬ್ಯಾಂಕಿನ ದೋಷದಿಂದಾದ ನಷ್ಟಕ್ಕೆ ಗ್ರಾಹಕನು ಹೊಣೆಯಲ್ಲ. ದೋಷ ಬೇರೆಡೆಯಿದ್ದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ಹೊಣೆಯಿಲ್ಲ. ಆದರೆ ಗ್ರಾಹಕನೇ ಅಜಾಗರೂಕತೆಯಿಂದ ಗುಟ್ಟನ್ನು ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಚೆನ್ನೈನ ಆದೇಶ ತೋರಿದ ಔದಾರ್ಯದಿಂದ ಇದು ಒಂದು ಹೆಜ್ಜೆ ಹಿಂದೆಯೆಂದೇ ನಮಗೆ ತೋರುತ್ತದೆ.

ಹೊರನಾಡಿನಲ್ಲಿರುವ ನಮಗೆ ಇದು ದೂರದ ವಿಷಯವಲ್ಲ. ದುಡಿಮೆ ಒಂದೂರಲ್ಲಿ, ಖಾತೆ ಇನ್ನೊಂದೂರಲ್ಲಿ. ಶಾಖೆಯ ಮೆಟ್ಟಿಲು ಹತ್ತಿ ಮುಖ ತೋರಿಸಲಾಗದ ನಮಗೆ ಆ ಕೆಲವು ಅಕ್ಷರಗಳೇ ಮುಖ. ಊರಿನಲ್ಲಿ ಒಬ್ಬರೇ ಇರುವ ತಂದೆತಾಯಿಯರಿಗೆ ಬೆದರಿಕೆಯ ಕರೆ ಬಂದಾಗ, ಅವರು ಗಾಬರಿಯಲ್ಲಿ ಹೇಳಿಬಿಡುವ ಆರು ಅಂಕಿಗಳೂ ಸರಿಯಾದವೇ ಆಗಿರುತ್ತವೆ. ‘ಯಾರಿಗೂ ಹೇಳಬೇಡಿ’ ಎಂದು ಅವರಿಗೆ ಬುದ್ಧಿ ಹೇಳುವುದು ಅಗತ್ಯ. ಅಷ್ಟಕ್ಕೇ ನಿಲ್ಲುವುದು ಅನ್ಯಾಯ. ಭಯಗೊಂಡ ಮನುಷ್ಯನು ತಪ್ಪುವನೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಆ ತಪ್ಪಿನ ನಂತರವೂ ಅವನನ್ನು ಕಾಯಬಲ್ಲ ವ್ಯವಸ್ಥೆಯೇ ಪರೀಕ್ಷೆಯಲ್ಲಿ ಗೆದ್ದ ವ್ಯವಸ್ಥೆ. ಲಾಗಿನ್ ಪುಟಗಳನ್ನು ಪರೀಕ್ಷಿಸುವ ಕೆಲಸದಲ್ಲಿರುವ ಕನ್ನಡದ ತರುಣರು ತಮ್ಮ ಪಟ್ಟಿಗೆ ಈ ಒಂದು ಸಾಲನ್ನು ಸೇರಿಸಿಕೊಳ್ಳಲಿ: ಪಾಸ್‌ವರ್ಡ್ ಸರಿಯಾಗಿದೆ, ಈಗ ಮುಂದೇನು?